ಕಲಾದಗಿಯಲ್ಲಿ ಹುಟ್ಟಿದವನು ಕನ್ನಡಿಗನಾ?

ಕಾಕಾ: ಬ್ರಿಟನ್ನಿನ ಮೊದಲ ಒಲಿಂಪಿಕ್ ಚಾಂಪಿಯನ್ ನಮ್ಮ ಕಲಾದಗಿಯ ಕನ್ನಡಿಗ! ಎಲ್ಲರಿಗೂ ಕಳಿಸಿ. (ಫಾರ್ವರ್ಡ್)

ರೇಖಾ: ಕಾಕಾ, ಇದು ಅರ್ಧ ಮಾತ್ರ ನಿಜ. ಆ ಚಾಂಪಿಯನ್, ಭಾರ ಎತ್ತುವ ಲಾನ್ಸೆಸ್ಟನ್ ಎಲಿಯಟ್, 1874ರಲ್ಲಿ ಹುಟ್ಟಿದ್ದು ಕಲಾದಗಿಯಲ್ಲೇ. ಆಗ ಅದು ಜಿಲ್ಲಾ ಕೇಂದ್ರ, ಅವನ ಅಪ್ಪ ಬ್ರಿಟಿಷ್ ಸರ್ಕಾರದ ಅಧಿಕಾರಿ. ಮನೆತನ ಸ್ಕಾಟ್ಲೆಂಡಿನದು. ಭಾರ ಎತ್ತೋದು ಕಲಿತದ್ದು ಇಂಗ್ಲೆಂಡಿನಲ್ಲಿ, ಆ ಕಾಲದ ಹೆಸರಾಂತ ದೇಹದಾರ್ಢ್ಯಪಟು ಯೂಜೀನ್ ಸ್ಯಾಂಡೋ ಹತ್ತಿರ. ಕನ್ನಡಿಗ ಹೇಗಾಗ್ತಾನೆ?

ಕಾಕಾ: ಹುಟ್ಟಿದ ಊರಿಗೆ ಬೆಲೆ ಇಲ್ವಾ ರೇಖಾ? ಕಲಾದಗಿ ಅಂದ್ರೆ ಬರೀ ದಾಳಿಂಬೆನಾ?

ಸಂತೋಷ: ಊರು ಬಿಡಿ ಕಾಕಾ, ಅವನು ಗೆದ್ದಿದ್ದೇ ಡೌಟು. ಎರಡು ಕೈಯ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ಯೆನ್ಸನ್ ಎದುರು ಸೋತಿದ್ದ.

ರೇಖಾ: ಪೂರ್ತಿ ಹೇಳು ಸಂತೋಷ. 1896, ಅಥೆನ್ಸ್. ಇಬ್ಬರೂ ಎತ್ತಿದ್ದು 111.5 ಕಿಲೋ. ಎತ್ತುವಾಗ ಎಲಿಯಟ್ ಕಾಲು ಸರಿಯಿತು. ಯೆನ್ಸನ್ ಎತ್ತಿದ ರೀತಿ ಚೆನ್ನಾಗಿತ್ತು ಅಂತ ಗ್ರೀಸ್‌ನ ರಾಜಕುಮಾರ ಜಾರ್ಜ್ ತೀರ್ಪು ಕೊಟ್ಟ. ಬ್ರಿಟಿಷರು ತಕರಾರು ತೆಗೆದರು. ಮತ್ತೆ ಪ್ರಯತ್ನಿಸಿದರೂ ಇಬ್ಬರಿಂದಲೂ ಅದಕ್ಕಿಂತ ಜಾಸ್ತಿ ಆಗಲಿಲ್ಲ. ಆಮೇಲೆ ಒಂದು ಕೈಯ ಸ್ಪರ್ಧೆ. ಎಲಿಯಟ್ 71 ಕಿಲೋ, ಯೆನ್ಸನ್ 57. ಸಿಮೆಂಟ್ ಚೀಲ 50 ಕಿಲೋ, ಅದನ್ನೇ ನಾವು ಇಬ್ಬರು ಹಿಡಿದು ಇಳಿಸ್ತೀವಿ. ಅವನು ಅದಕ್ಕಿಂತ 21 ಕಿಲೋ ಜಾಸ್ತಿ, ಒಂದೇ ಕೈಯಲ್ಲಿ, ತಲೆ ಮೇಲಕ್ಕೆ!

ಸಂತೋಷ: ಅಷ್ಟೊತ್ತಿಗೆ ಯೆನ್ಸನ್ ಭುಜಕ್ಕೆ ಪೆಟ್ಟಾಗಿತ್ತು ಅಕ್ಕಾ. ಅದನ್ನ ಯಾಕೆ ಬಿಟ್ಟೆ?

ರೇಖಾ: ಬಿಡಬಾರದಿತ್ತು, ಒಪ್ಪಿದೆ. ಆದ್ರೆ ಯೆನ್ಸನ್ ಭುಜ ನೋಯಿತು ಅಂತ ಎಲಿಯಟ್ ಕೈಲಿದ್ದ ಕಬ್ಬಿಣ ಹಗುರ ಆಗುತ್ತಾ?

ಅತ್ತೆ: ಮುಂದೆ ಏನಾದ ಪಾಪ?

ರೇಖಾ: 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವ ಸ್ಪರ್ಧೆಯೇ ಇರಲಿಲ್ಲ ಅತ್ತೆ. ಅಲ್ಲಿ ಡಿಸ್ಕಸ್ ಎಸೆದ. ಮುಂದೆ ಮ್ಯೂಸಿಕ್ ಹಾಲ್‌ಗಳಲ್ಲಿ, ಅಂದ್ರೆ ಹಾಡು, ಕಸರತ್ತು ತೋರಿಸೋ ರಂಗಮಂದಿರಗಳಲ್ಲಿ, ಪ್ರದರ್ಶನ ಕೊಡೋದೇ ವೃತ್ತಿ ಆಯ್ತು. ಹೆಗಲ ಮೇಲೆ ಅಡ್ಡ ಕಂಬಿ. ಅದರ ಎರಡೂ ತುದಿಗೆ ಒಂದೊಂದು ಸೈಕಲ್, ಸೈಕಲ್ ಮೇಲೆ ಸವಾರ. ಇವನು ನಿಂತಲ್ಲೇ ಗರಗರ ತಿರುಗೋನು. ವೇಗ ಏರಿದ ಹಾಗೆ ಸವಾರರು ಸೈಕಲ್ ಸಮೇತ ಗಾಳಿಯಲ್ಲಿ ಅಡ್ಡಡ್ಡ ಆಗೋರು. ನನಗೆ ಪದಕಕ್ಕಿಂತ ಇದೇ ಜಾಸ್ತಿ ಇಷ್ಟ. 1923ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ. 1930ರಲ್ಲಿ ಮೆಲ್ಬರ್ನ್‌ನಲ್ಲಿ ತೀರಿಕೊಂಡ. 56 ವರ್ಷ ಅಷ್ಟೇ.

ಅತ್ತೆ: ಅಯ್ಯೋ, ಅಂಥ ಗಟ್ಟಿ ಆಳು.

ಕಾಕಾ: ಆಯ್ತು ರೇಖಾ. 'ಕನ್ನಡಿಗ' ತೆಗೆದು 'ಕಲಾದಗಿಯಲ್ಲಿ ಹುಟ್ಟಿದವನು' ಅಂತ ಹಾಕ್ತೀನಿ. ಆ ಸೈಕಲ್ ವಿಷಯಾನೂ ನಾಲ್ಕು ಸಾಲು ಬರೆದು ಕಳಿಸು, ಸೇರಿಸ್ತೀನಿ.