1911ರ ಜಾರ್ಜ್ ರೂಪಾಯಿ, ಠಣ್ ಅನ್ನುತ್ತಿಲ್ಲ. ಖೋಟಾನಾ?

ತುಂಗೆತೀರ: ನಮಸ್ಕಾರ. ಅಜ್ಜಿಯ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ದೊರೆಯ ಒಂದು ರೂಪಾಯಿ ಸಿಕ್ಕಿದೆ. ಇಸವಿ 1911. ತೂಕ 11.42 ಗ್ರಾಂ, ಅಗಲ 30 ಮಿ.ಮೀ.ಗಿಂತ ಚೂರು ಜಾಸ್ತಿ. ಅಂಚಿನಲ್ಲಿ ಕೊಂಡಿ ಕಿತ್ತ ಬೆಸುಗೆ ಗುರುತಿದೆ. ಪೇಟೆಯ ಅಂಗಡಿಯವರು ಕಲ್ಲಿನ ಮೇಲೆ ಬಡಿದು, "ನಾದ ಇಲ್ಲ, ತೂಕನೂ ಕಮ್ಮಿ, ಡೂಪ್ಲಿಕೇಟು" ಅಂದರು. ಹೌದಾ?

ಚಿನಿವಾರ: ಅವರು ಅವಸರ ಮಾಡಿದ್ದಾರೆ. ಬೆಸುಗೆ ಬಿದ್ದ ನಾಣ್ಯದ ನಾದ ನಂಬಬೇಡಿ, ಕೂದಲೆಳೆ ಬಿರುಕಿದ್ದರೂ ಸದ್ದು ಸತ್ತುಹೋಗುತ್ತದೆ. ಹೊಸದರಲ್ಲಿ ತೂಕ 11.66 ಗ್ರಾಂ. ಕೈ ಬದಲಾಗುತ್ತಾ ಕಾಲು ಗ್ರಾಂ ಸವೆಯುವುದು ದೊಡ್ಡ ವಿಷಯವಲ್ಲ.

ಭೂತಗನ್ನಡಿ ಹಿಡಿದು ದೊರೆಯ ಮೇಲಂಗಿ ನೋಡಿ. ಅಲ್ಲೊಂದು ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಸೊಂಡಿಲು ಎಷ್ಟು ಮೋಟು ಅಂದರೆ, ಜನ ಅದನ್ನು ಹಂದಿ ಅಂದುಕೊಂಡು ಗಲಾಟೆಯಾಯಿತು. ಟಂಕಿಸಿದ್ದು ಸುಮಾರು 94 ಲಕ್ಷ, ಹೊರಗೆ ಬಂದದ್ದು ಸುಮಾರು 7 ಲಕ್ಷ. ಉಳಿದದ್ದನ್ನು ಕರಗಿಸಿದರು. 1912ರಿಂದ ಸೊಂಡಿಲು ಉದ್ದವಾಯಿತು. ಹಾಗಾಗಿ ಇಸವಿ 1911 ಇದ್ದು ಸೊಂಡಿಲು ಉದ್ದವಿದ್ದರೆ, 1917ರ ಏಳನ್ನು ಯಾರೋ ಕೆರೆದು ಒಂದು ಮಾಡಿರಬಹುದು.

ತುಂಗೆತೀರ: ಸೊಂಡಿಲು ಮೋಟೇ ಇದೆ ಸರ್, ಮೂತಿ ಥೇಟ್ ಹಂದಿಯದ್ದೇ! ಕೊನೆಯ ಒಂದರ ಸುತ್ತ ಕೆರೆದ ಗುರುತಿಲ್ಲ. ಕೆಳಗಿನ ತಾವರೆಯ ಅಡಿ ಚುಕ್ಕಿಯೂ ಇಲ್ಲ.

ಚಿನಿವಾರ: ಚುಕ್ಕಿ ಇದ್ದರೆ ಬೊಂಬಾಯಿ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತಾ. ಎರಡೂ ಸರಿಯೇ.

ಹಳೇಕಾಸು: ಬೆಳ್ಳಿ ಹೌದೋ ಅಲ್ಲವೋ ಅಂತ ಮನೆಯಲ್ಲೇ ನೋಡಬಹುದು, ಉಜ್ಜಬೇಕಾಗಿಲ್ಲ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳ್ಳನೆ ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು, ಗುಳ್ಳೆ ಅಂಟಿರಬಾರದು. ನಾಣ್ಯದ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿ. ಆ ಕಾಲದ ರೂಪಾಯಿಯಲ್ಲಿ ಬೆಳ್ಳಿ ಶೇ. 91.7, ಉತ್ತರ 10.3ರ ಆಸುಪಾಸು ಬರಬೇಕು. ಹಿತ್ತಾಳೆಯಾದರೆ 8.5ರ ಹತ್ತಿರ.

ತುಂಗೆತೀರ: 1.11 ತೋರಿಸಿತು. ಭಾಗಿಸಿದರೆ 10.29.

ಚಿನಿವಾರ: ಬೆಳ್ಳಿ ಪಕ್ಕಾ. ಆದರೆ ಬೆಳ್ಳಿಯಲ್ಲೇ ಎರಕ ಹೊಯ್ದ ಖೋಟಾ ಕೂಡ ಈ ಪರೀಕ್ಷೆ ಪಾಸಾಗುತ್ತದೆ. ಅಂಚಿನ ಗೀರುಗಳು ಸಮನಾಗಿವೆಯಾ? ಸುತ್ತಲೂ ಜೋಡಣೆಯ ಗೆರೆ ಇದೆಯಾ? ಅಕ್ಷರಗಳ ನಡುವಿನ ಬಯಲಲ್ಲಿ ಸೂಜಿಮೊನೆಯಷ್ಟು ಗುಳಿಗಳಿವೆಯಾ?

ತುಂಗೆತೀರ: ಬೆಸುಗೆ ಜಾಗ ಬಿಟ್ಟರೆ ಗೀರು ಸಮ. ಗೆರೆ, ಗುಳಿ ಎರಡೂ ಇಲ್ಲ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ತೀನಿ ಅಂತಿದ್ದಾರೆ.

ಹಳೇಕಾಸು: ಅಯ್ಯೋ ಬೇಡ, ಅಮ್ಮನ ಕೈಗೆ ಕೊಡಲೇಬೇಡಿ! ಆ ಕಪ್ಪು ಹೋದರೆ ಬೆಲೆಯೂ ಹೋಗುತ್ತದೆ.

ಚಿನಿವಾರ: ನೀವು ಹೇಳಿದ್ದೆಲ್ಲ ಸರಿಯಿದ್ದರೆ ನನ್ನ ಲೆಕ್ಕದಲ್ಲಿ ಅಸಲಿ. ಬೆಸುಗೆ ಇರುವುದರಿಂದ ಸಂಗ್ರಾಹಕರು ಒಳ್ಳೆಯ ಪ್ರತಿಯ ಬೆಲೆ ಕೊಡುವುದಿಲ್ಲ, ಆದರೂ ತೂಕದ ಬೆಳ್ಳಿ ಲೆಕ್ಕಕ್ಕೆ ಮಾತ್ರ ಕೊಟ್ಟುಬಿಡಬೇಡಿ. "ಲಕ್ಷಾಂತರ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ರಿಸರ್ವ್ ಬ್ಯಾಂಕ್ ಹೆಸರಲ್ಲೇ ಹೀಗೆ ದುಡ್ಡು ಕೀಳುತ್ತಿದ್ದಾರೆ ಅಂತ 2021ರಲ್ಲಿ ಬ್ಯಾಂಕೇ ಎಚ್ಚರಿಸಿತ್ತು.