ಮೀನು ಪೋಸ್ಟ್‌ಮ್ಯಾನ್ ಮಂಗಳವಾರ ಇಸ್ಕೊಳ್ತಿಲ್ಲ (ಸ್ಪೆಕ್ಟ್ರಂ, ಮಾವ ಬರೆದ ಗೇಮು)

ಎರೆಮಣ್ಣು:
ನಮ್ಮ ಸೋದರಮಾವ ಪುಣೆಯಲ್ಲಿ ಕೆಲಸಕ್ಕಿದ್ದಾಗ ಕೊಂಡಿದ್ದ ಸ್ಪೆಕ್ಟ್ರಂ ಪ್ಲಸ್ ಅನ್ನೋ ಹಳೇ ಕಂಪ್ಯೂಟರ್ ದಾವಣಗೆರೆ ಮನೆಯ ಅಟ್ಟದಲ್ಲಿ ಸಿಕ್ಕಿತು. ಪುಣೆಯ ಕಂಪನಿ ಡೆಸಿಬೆಲ್ಸ್‌ನವರದು, 48ಕೆ ಮೆಮೊರಿ. ಜೊತೆಗೆ ಒಂದು ಕ್ಯಾಸೆಟ್. ಒಂದು ಬದಿ ದಾಸರ ಪದ, ಇನ್ನೊಂದು ಬದಿಯಲ್ಲಿ ಮಾವ ಬರೆದ ಗೇಮು, ಬಾಲ್‌ಪೆನ್ನಲ್ಲಿ ‘ಬಾವಿ’ ಅಂತ ಬರೆದಿದೆ. ಟೇಪ್ ರೆಕಾರ್ಡರಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ, ಐದನೇ ಸಲಕ್ಕೆ ಲೋಡ್ ಆಯಿತು. ಪರದೆಯ ಅಂಚಲ್ಲಿ ನೀಲಿ-ಹಳದಿ ಪಟ್ಟಿ ಓಡುವಷ್ಟು ಹೊತ್ತೂ ನಾನು, ಮಗಳು ಮಾತಾಡಲಿಲ್ಲ.

ಚಿತ್ರಗಿತ್ರ ಏನಿಲ್ಲ, ಬರೀ ಅಕ್ಷರ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ, ಸಾಲಿಗೆ 32 ಅಕ್ಷರ. ಇಲ್ಲಿ ನಮ್ಮ ಲಿಪಿಗೆ ಇಳಿಸಿದ್ದೇನೆ:

‘ಬಾವಿಯ ತಳದಲ್ಲಿದ್ದೀಯ. ಇಲ್ಲೊಂದು ಅಂಚೆ ಕಚೇರಿ. ಊಟಕ್ಕೆ ಮುಚ್ಚಿದೆ.’

ಸರಿ, ತೆರೆಯುವವರೆಗೆ ಕಾಯೋಣ ಅಂತ ‘ಕಾಯಿ’ ಎಂದು ಟೈಪ್ ಮಾಡಿದರೆ ‘ಇಡಿಯೋ, ತುರಿದದ್ದೋ?’ ಅಂತ ಕೇಳುತ್ತದೆ! ‘ತುರಿ’ ಅಂದರೆ ಬಾಗಿಲು ತೆರೆಯುತ್ತದೆ. ಒಳಗೆ ಪೋಸ್ಟ್‌ಮ್ಯಾನ್ ಒಂದು ಮೀನು. ನಿಮ್ಮ ಹೆಸರಿಗೆ ಬಂದ ಮಳೆ ಅವನ ಹತ್ತಿರ ಇದೆ, ಬದಲಿಗೆ ಏನಾದರೂ ಕೊಡಬೇಕಂತೆ. ನನ್ನ ಕೈಯಲ್ಲಿರುವುದು ಬಾಚಣಿಗೆ, ಅರ್ಧ ಅಚ್ಚು ಬೆಲ್ಲ, ಮಂಗಳವಾರ. ಬಾಚಣಿಗೆ ಕೊಟ್ಟರೆ ‘ನನಗೆ ಕೂದಲೆಲ್ಲಿದೆ’. ಬೆಲ್ಲಕ್ಕೆ ‘ಕರಗಿತು’. ಉಳಿದದ್ದು ಮಂಗಳವಾರ. ಅದಕ್ಕೆ ಮಾತ್ರ ‘ಅರ್ಥವಾಗಲಿಲ್ಲ’. ವಿ ಬದಲು ಡಬ್ಲ್ಯೂ ಹಾಕಿದೆ, ಎರಡೆರಡು ಎ ಹಾಕಿದೆ, ಎಲ್ಲ ಆಯ್ತು. ಮಾವನನ್ನೇ ಕೇಳಿದರೆ ‘ನಾನಾ? ಮೀನಾ?’ ಅಂತಾರೆ. ಪ್ರೋಗ್ರಾಂ ನಿಲ್ಲಿಸುವ ಬ್ರೇಕ್ ಕೀ ಒತ್ತಿದರೂ ಗೇಮ್ ನಿಲ್ಲುತ್ತಿಲ್ಲ. ಒಳಗೆ ಇಣುಕುವುದು ಹೇಗೆ?

ಹಳೇ ಆಂಟೆನಾ:
ಉತ್ತರ ಗೊತ್ತಿಲ್ಲ, ಆದರೆ ‘ಇಡಿಯೋ, ತುರಿದದ್ದೋ’ ಓದಿ ಆಫೀಸಲ್ಲಿ ನಕ್ಕು ಸಿಕ್ಕಿಬಿದ್ದೆ. ಪ್ರೋಗ್ರಾಮಿನ ಸಾಲುಗಳನ್ನು (ಲಿಸ್ಟಿಂಗ್) ನೋಡಿ ಗೆಲ್ಲೋದು ಕಾಪಿ ಹೊಡೆದ ಹಾಗಲ್ವಾ?

ಸೀಸದ ಹೊಗೆ:
ಕಾಪಿ ಅಲ್ಲ, ರಿಪೇರಿ. ಗೇಮು ನಿಮ್ಮ ಟೈಪಿಂಗಿಗೆ ಕಾಯುತ್ತಿರುವಾಗ ಬ್ರೇಕ್ ಕೆಲಸ ಮಾಡುವುದಿಲ್ಲ. ಕರ್ಸರ್ ಉದ್ಧರಣ ಚಿಹ್ನೆಗಳ ನಡುವೆ ಮಿನುಗುತ್ತಿದೆ ತಾನೆ? ಅದನ್ನು ಎಡಗಡೆಯ ಚಿಹ್ನೆಯಿಂದಲೂ ಆಚೆ ತನ್ನಿ. ಸಿಂಬಲ್ ಶಿಫ್ಟ್ ಹಿಡಿದು ಎ ಒತ್ತಿದರೆ ‘ಸ್ಟಾಪ್’ ಬರುತ್ತದೆ, ಎಂಟರ್ ಕೊಡಿ. ಆಮೇಲೆ ಲಿಸ್ಟ್. ವಾಪಸ್ ಹೋಗಲು ಕಂಟಿನ್ಯೂ. ರನ್ ಮಾತ್ರ ಕೊಡಬೇಡಿ, ಮಂಗಳವಾರ ಸಮೇತ ಎಲ್ಲ ಅಳಿಸಿಹೋಗುತ್ತದೆ. ಪದಗಳ ಪಟ್ಟಿಗೆ ಜಾಗ ಅಳೆದುಕೊಡುವ ‘ಡಿಮ್’ ಅನ್ನೋ ಆದೇಶ ಒಂದಿರುತ್ತದೆ, ಆ ಸಾಲು, ಪದ ಹೋಲಿಸುವ ಸಾಲು ಎರಡೂ ಇಲ್ಲಿ ಹಾಕಿ.

ಎರೆಮಣ್ಣು:
ನಿಂತಿತು! ಡಿಮ್‌ನಲ್ಲಿ 24, 10 ಅಂತಿದೆ. ಇನ್ನೊಂದು ಸಾಲು: ನಾವು ಕೊಟ್ಟ ಪದ 10 ಅಕ್ಷರಕ್ಕಿಂತ ಚಿಕ್ಕದಾದರೆ ಹಿಂದೆ ಒಂದೊಂದೇ ಖಾಲಿ ಜಾಗ ಸೇರಿಸುತ್ತಾ ಹೋಗು. ಪಟ್ಟಿಯಲ್ಲಿ ಮಂಗಳವಾರ ಸರಿಯಾಗೇ ಇದೆ, ನಾನು ಟೈಪ್ ಮಾಡಿದ ಸ್ಪೆಲಿಂಗೇ.

ಸೀಸದ ಹೊಗೆ:
ಸಿಕ್ಕಿತು ನಿಮ್ಮ ಮೀನು. ನೀವು ನೋಡಿದ್ದು ಪದಗಳನ್ನು ಬರೆದಿಟ್ಟ ಡೇಟಾ ಸಾಲು. ಅದನ್ನು ಪಟ್ಟಿಗೆ ತುಂಬುವಾಗ ಸಿಂಕ್ಲೇರ್ ಬೇಸಿಕ್ (ಸ್ಪೆಕ್ಟ್ರಂನ ಪ್ರೋಗ್ರಾಂ ಭಾಷೆ) ಪ್ರತಿ ಪದವನ್ನೂ ಡಿಮ್‌ನಲ್ಲಿ ಹೇಳಿದ ಅಳತೆಗೆ ಕೂರಿಸುತ್ತದೆ: ಚಿಕ್ಕದಾದರೆ ಖಾಲಿ ಜಾಗ ತುಂಬುತ್ತದೆ, ಉದ್ದವಾದರೆ ಬಾಲ ಕತ್ತರಿಸುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಮಂಗಳವಾರಕ್ಕೆ 11 ಅಕ್ಷರ. ಪಟ್ಟಿಯಲ್ಲಿ ಉಳಿದಿರುವುದು 10. ನಿಮ್ಮ ಪದವನ್ನು ಮಾವ ಉದ್ದ ಮಾಡುತ್ತಾರೆ, ಕತ್ತರಿಸುವುದಿಲ್ಲ. ಹಾಗಾಗಿ ಪೂರ್ತಿ ಬರೆದರೆ ಯಾವತ್ತೂ ತಾಳೆಯಾಗದು. ಕೊನೆಯ ಎ ಬಿಟ್ಟು ‘ಮಂಗಳವಾರ್’ ಅಂತ ಕೊಡಿ. ಆದರೂ ಒಂದು ಅನುಮಾನ, ಇದನ್ನು ಬರೆದವರೇ ಒಮ್ಮೆಯೂ ಆಡಿ ಮುಗಿಸಲಿಲ್ವೇ?

ಎರೆಮಣ್ಣು:
ತಗೊಂಡಿತು!! ‘ಸಂದಾಯವಾಯಿತು. ಇನ್ನು ನಿನಗೆ ವಾರಕ್ಕೆ ಆರೇ ದಿನ.’ ಮಗಳು ಕುರ್ಚಿಯಿಂದ ಬಿದ್ದಳು.

ನಿಮ್ಮ ಅನುಮಾನ ಮಾವನ ಕಿವಿಗೆ ಹಾಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಜ್ಞಾಪಕ ಬಂತು ಅಂದರು. ಮೊದಲು ಅದು ಸೋಮವಾರ ಆಗಿತ್ತಂತೆ, ಆಗ ಕೊನೆಯವರೆಗೂ ಆಡಿದ್ದರಂತೆ. ನಮ್ಮಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದವರು ‘ನನ್ನ ಸೋಮವಾರ ಮೀನಿಗೆ ಕೊಡ್ತೀಯೇನೋ, ಒಪ್ಪತ್ತಿನ ದಿನ!’ ಅಂತ ಗದರಿದ್ದಕ್ಕೆ ಮಂಗಳವಾರ ಮಾಡಿ, ಸೇವ್ ಮಾಡಿ, ಮತ್ತೆ ಮುಟ್ಟಿಲ್ಲ. ಅಮ್ಮನನ್ನು ಕೇಳಿದರೆ ಈಗಲೂ ಅದೇ ಮಾತು, ಮೀನಿಗೆ ಯಾಕೆ ಕೊಡಬೇಕು.

ಈಗ ಹೊಸ ಫಜೀತಿ. ಮಳೆ ತಗೊಂಡು ‘ಮೇಲೆ’ ಅಂದ ಕೂಡಲೇ ‘2 ವೇರಿಯಬಲ್ ನಾಟ್ ಫೌಂಡ್, 740:1’ ಅಂತ ನಿಂತುಬಿಡ್ತು.

ಸೀಸದ ಹೊಗೆ:
740ನೇ ಸಾಲು ಇಲ್ಲಿ ಹಾಕಿ. ಅದಕ್ಕೂ ಮುಂಚೆ ಬೇರೆ ಕ್ಯಾಸೆಟ್ಟಿಗೆ ಒಂದು ಸೇವ್. ಕರೆಂಟ್ ಹೋದರೆ ಮಳೆನೂ ಹೋಗುತ್ತೆ.

ಎರೆಮಣ್ಣು:
ಸೇವ್ ಆಯ್ತು. 740 ಹಾಕಲ್ಲ, ಕ್ಷಮಿಸಿ. ಯಾರೂ ಮುಟ್ಟಬೇಡಿ, ಮಂಗಳವಾರ ನಾನೇ ಬಂದು ಸರಿಮಾಡ್ತೀನಿ ಅಂತ ಮಾವನ ಅಪ್ಪಣೆಯಾಗಿದೆ. ಅದನ್ನ ಮೀನಿಗೆ ಕೊಟ್ಟಾಯ್ತಲ್ಲ, ತಾತ ಯಾವಾಗ ಬರ್ತಾರೆ ಅಂತ ಮಗಳು ಕೇಳುತ್ತಿದ್ದಾಳೆ.