ಗುಂಡು ನಾಟಿದ ಮರದ ತುಂಡು: ಘರ್ಷಣೆಯನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು?

ಪ್ರಶ್ನೆ
10 ಗ್ರಾಂ ಗುಂಡು ನೆಲಕ್ಕೆ ಸಮಾಂತರವಾಗಿ 400 ಮೀ/ಸೆ ವೇಗದಲ್ಲಿ ಬಂದು, ನೆಲದ ಮೇಲಿರುವ 1.99 ಕೆಜಿ ಮರದ ತುಂಡಿನೊಳಗೆ ನಾಟಿಕೊಳ್ಳುತ್ತದೆ. ಘರ್ಷಣಾ ಗುಣಾಂಕ 0.2, ಗುರುತ್ವ ವೇಗೋತ್ಕರ್ಷ 10 ಮೀ/ಸೆ². ತುಂಡು ಎಷ್ಟು ದೂರ ಜಾರುತ್ತದೆ? ಗುಂಡಿನ ಚಲನಶಕ್ತಿ 800 ಜೌಲ್, ಘರ್ಷಣಾ ಬಲ 4 ನ್ಯೂಟನ್. ಭಾಗಿಸಿದರೆ 200 ಮೀಟರ್ ಬರುತ್ತೆ, ಕೊಟ್ಟಿರುವ ಉತ್ತರ 1 ಮೀಟರ್. ಅಲ್ಲದೆ, ಘರ್ಷಣೆ ಹೊರಗಿನ ಬಲ ತಾನೇ? ಅದು ಇರುವಾಗ ಸಂವೇಗ (ದ್ರವ್ಯರಾಶಿ × ವೇಗ) ಸಂರಕ್ಷಣೆ ಬಳಸೋದು ಸರಿಯಾ?

ಉತ್ತರ 1
ಲೆಕ್ಕವನ್ನು ಎರಡು ಹಂತ ಮಾಡಿ. ಗುಂಡು ನಾಟುವಾಗ ಸಂವೇಗ ಮಾತ್ರ ಉಳಿಯುತ್ತೆ, ಚಲನಶಕ್ತಿ ಉಳಿಯಲ್ಲ. 0.01 × 400 = 2 × ವೇಗ, ಅಂದರೆ ವೇಗ 2 ಮೀ/ಸೆ. ಈಗ ಉಳಿದ ಚಲನಶಕ್ತಿ ಬರೀ 4 ಜೌಲ್; ಮಿಕ್ಕ 796 ಜೌಲ್ ಮರ ಸೀಳುವುದರಲ್ಲಿ, ಬಿಸಿಯಾಗುವುದರಲ್ಲಿ ಹೋಯಿತು. 4 ಜೌಲನ್ನು 4 ನ್ಯೂಟನ್‌ನಿಂದ ಭಾಗಿಸಿ, 1 ಮೀಟರ್.

ನಿಮ್ಮ ಎರಡನೇ ಪ್ರಶ್ನೆ ಒಳ್ಳೆಯದು. ಘರ್ಷಣೆ ಆಗಲೂ ಇದೆ, ಆದರೆ ಅದರ ಆವೇಗ (ಬಲ × ಸಮಯ, ಅಂದರೆ ಬಲ ಬದಲಿಸುವ ಸಂವೇಗ) ನೋಡಿ. ನಾಟಲು 1 ಮಿಲಿಸೆಕೆಂಡ್ ಹಿಡಿಯಿತು ಅಂದುಕೊಂಡರೆ 4 × 0.001 = 0.004 ನ್ಯೂಟನ್-ಸೆಕೆಂಡ್. ಗುಂಡು ತಂದ ಸಂವೇಗ 4. ಸಾವಿರದಲ್ಲಿ ಒಂದು ಪಾಲು, ಬಿಡಬಹುದು.

ಉತ್ತರ 2
ಮೇಲಿನದು ಸರಿ, ಆದರೆ “ಡಿಕ್ಕಿಯಲ್ಲಿ ಘರ್ಷಣೆ ಬಿಡಬಹುದು” ಅಂತ ಬಾಯಿಪಾಠ ಮಾಡಿಕೊಳ್ಳಬೇಡಿ. ಅದೇ ಗುಂಡು 30° ಓರೆಯಾಗಿ ಮೇಲಿನಿಂದ ಕೆಳಕ್ಕೆ ಬಂದರೆ? ಕೆಳಮುಖ ಸಂವೇಗ 2. ಅದನ್ನು ನೆಲವೇ ತಡೆಯಬೇಕು, ಹಾಗಾಗಿ ಆ ಕ್ಷಣದಲ್ಲಿ ಲಂಬ ಬಲವೂ (ನೆಲ ತುಂಡನ್ನು ಮೇಲಕ್ಕೆ ಒತ್ತುವ ಬಲ) ಭಾರಿ ಏರುತ್ತೆ, ಘರ್ಷಣೆ ಅದರ 0.2 ಪಟ್ಟು ಆದ್ದರಿಂದ ಜೊತೆಗೆ ಅದೂ ಏರುತ್ತೆ. ಘರ್ಷಣೆಯ ಆವೇಗ 0.2 × 2 = 0.4. ಡಿಕ್ಕಿಯ ಅವಧಿ ಎಷ್ಟೇ ಚಿಕ್ಕದಾದರೂ ಇದು ಕರಗಲ್ಲ! ಸಮಾಂತರ ಸಂವೇಗ 3.46 − 0.4 = 3.06, ವೇಗ 1.53 ಮೀ/ಸೆ, ದೂರ ಸುಮಾರು 0.59 ಮೀಟರ್. ಘರ್ಷಣೆ ಬಿಟ್ಟಿದ್ದರೆ 0.75 ಬರುತ್ತಿತ್ತು.

ಪ್ರಶ್ನೆ ಕೇಳಿದವರು
ಈಗ ಗೊತ್ತಾಯ್ತು. ಮೊದಲನೇ ಲೆಕ್ಕದಲ್ಲಿ ತುಂಡು ನಿಲ್ಲುವ ಸಮಯವನ್ನೂ ಆವೇಗದಿಂದಲೇ ತೆಗೆಯಬಹುದಾ?

ಉತ್ತರ 1
ಖಂಡಿತ. 4 ನ್ಯೂಟನ್ ಘರ್ಷಣೆ 4 ಕೆಜಿ·ಮೀ/ಸೆ ಸಂವೇಗವನ್ನು ಸೊನ್ನೆಗೆ ಇಳಿಸಬೇಕು: 1 ಸೆಕೆಂಡ್. ಸಮಯ ಕೇಳಿದರೆ ಆವೇಗ, ದೂರ ಕೇಳಿದರೆ ಕೆಲಸ-ಶಕ್ತಿ ಹಿಡಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತೆ.